ಪೋರ್ಟ್ ಆಫ್ ಸ್ಪೇನ್‌ನಲ್ಲಿ ಒಂದು ರಾತ್ರಿಯ ಬಿಡಾರ

ದೂರದ ಪ್ರಯಾಣಕ್ಕೆ ಹೊರಟವರಿಗೆ ದಾರಿಯ ಉದ್ದಕ್ಕಿಂತ ದಾರಿಯ ನಡುವೆ ಕಳೆಯಬೇಕಾದ ರಾತ್ರಿಯೇ ಹೆಚ್ಚಿನ ಚಿಂತೆಯನ್ನುಂಟುಮಾಡುತ್ತದೆ. ನಮ್ಮ ಹಿರಿಯರು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದ ಕಾಲದಲ್ಲಿ, ಕತ್ತಲಾಗುವ ಮುನ್ನ ಯಾವ ಊರಿನ ಮಠವನ್ನು ಸೇರಬೇಕು, ಯಾವ ಬಂಧುಗಳ ಮನೆಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಬೇಕು ಎಂಬುದನ್ನು ಮನೆ ಬಿಡುವ ಮೊದಲೇ ನಿಶ್ಚಯಿಸಿಕೊಳ್ಳುತ್ತಿದ್ದರು. ಇಂದಿನ ದಿನಮಾನಗಳಲ್ಲಿ ನಾವು ಸಪ್ತಸಾಗರಗಳನ್ನು ಎರಡು ದಿನಗಳಲ್ಲಿ ದಾಟುತ್ತೇವೆ. ಆದರೆ ನಡುವಣ ಆ ಒಂದು ರಾತ್ರಿಯ ವಿಚಾರವನ್ನು ಮಾತ್ರ ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತೇವೆ. ತರುಣರಿಗೆ ಅದು ನಡೆದೀತು. ಮಧುಮೇಹವುಳ್ಳ ತಂದೆ, ಮೊಣಕಾಲು ನೋವಿನ ತಾಯಿ, ಕೈಗೂಸು ಹೊತ್ತ ಸೊಸೆ ಜೊತೆಗಿದ್ದಾಗ ನಡೆಯಲಾರದು.

ಪಶ್ಚಿಮ ಭೂಗೋಳದ ಕೆರಿಬಿಯನ್ ಸಮುದ್ರದ ದ್ವೀಪಗಳಿಗೆ ನಮ್ಮ ಕುಟುಂಬಗಳು ಹೋಗಿಬರುವುದು ಈಗ ಅಪರೂಪದ ಸಂಗತಿಯಲ್ಲ. ಗ್ರೆನಡಾ, ಬಾರ್ಬಡೋಸ್, ಗಯಾನಾ ಮೊದಲಾದ ದೇಶಗಳ ವೈದ್ಯಕೀಯ ಕಾಲೇಜುಗಳಲ್ಲಿ ನಮ್ಮ ನಾಡಿನ ಮಕ್ಕಳು ಓದುತ್ತಿದ್ದಾರೆ. ಗಯಾನಾದಲ್ಲಿ 2019ರ ಡಿಸೆಂಬರಿನಿಂದ ಸಮುದ್ರದಡಿಯ ತೈಲೋತ್ಪಾದನೆ ಆರಂಭವಾದ ಮೇಲೆ ಎಂಜಿನಿಯರುಗಳಿಗೂ ಅಲ್ಲಿ ಕೆಲಸ ದೊರೆಯುತ್ತಿದೆ. ಮಕ್ಕಳು ಹೋದೆಡೆಗೆ ಘಟಿಕೋತ್ಸವಕ್ಕೆಂದು ತಂದೆತಾಯಿಗಳೂ, ಮಗಳ ಬಾಣಂತನಕ್ಕೆಂದು ತಾಯಂದಿರೂ ಹೊರಡುವುದು ಸಹಜವೇ. ಅಂಥವರು ದಾರಿಯಲ್ಲಿ ವಿಮಾನ ಬದಲಿಸುವ ಊರುಗಳಲ್ಲಿ ಟ್ರಿನಿಡಾಡ್ ದ್ವೀಪದ ರಾಜಧಾನಿಯಾದ ಪೋರ್ಟ್ ಆಫ್ ಸ್ಪೇನ್ ಮುಖ್ಯವಾದುದು. ಅಲ್ಲಿ ಒಂದು ರಾತ್ರಿ ಉಳಿಯಬೇಕಾಗಿ ಬಂದರೆ ಎಲ್ಲಿ ಉಳಿಯಬೇಕು, ಏಕೆ ಅಲ್ಲಿಯೇ ಉಳಿಯಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ನಾವು ಬಯಸಿದ್ದೇವೆ.

ರಾತ್ರಿ ಉಳಿಯಬೇಕಾಗುವುದೇಕೆ?

ಟ್ರಿನಿಡಾಡ್‌ನ ಪಿಯಾರ್ಕೊ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 1931ರಲ್ಲಿ ಆರಂಭವಾದುದು. ಇಂದು ಬಳಕೆಯಲ್ಲಿರುವ ದೊಡ್ಡ ಕಟ್ಟಡವು 2001ರಲ್ಲಿ ತೆರೆಯಿತು. 2007ರ ಜನವರಿ 1ರಂದು ಹಾರಾಟ ಆರಂಭಿಸಿದ ಕೆರಿಬಿಯನ್ ಏರ್‌ಲೈನ್ಸ್ ಸಂಸ್ಥೆಗೆ ಇದೇ ಮೂಲ ನೆಲೆ. ನ್ಯೂಯಾರ್ಕ್, ಮಯಾಮಿ, ಟೊರಾಂಟೊ ನಗರಗಳಿಂದ ಬರುವ ವಿಮಾನಗಳು ಇಲ್ಲಿ ಇಳಿಯುತ್ತವೆ. ಇಲ್ಲಿಂದ ಗ್ರೆನಡಾ, ಬಾರ್ಬಡೋಸ್, ಗಯಾನಾದ ಜಾರ್ಜ್‌ಟೌನ್ ಮುಂತಾದ ಊರುಗಳಿಗೆ ಚಿಕ್ಕ ವಿಮಾನಗಳು ಹೊರಡುತ್ತವೆ. ದೊಡ್ಡ ವಿಮಾನ ಸಂಜೆಯೋ ರಾತ್ರಿಯೋ ಇಳಿದು, ಮುಂದಿನ ಚಿಕ್ಕ ವಿಮಾನ ಮರುದಿನ ಬೆಳಿಗ್ಗೆ ಮಾತ್ರ ಇದ್ದಾಗ ನಡುವಣ ರಾತ್ರಿ ನಮ್ಮ ಪಾಲಿಗೆ ಬರುತ್ತದೆ.

ಇದಲ್ಲದೆ ಜೂನ್ ತಿಂಗಳಿನಿಂದ ನವೆಂಬರಿನವರೆಗೆ ಆ ಭಾಗದಲ್ಲಿ ಚಂಡಮಾರುತದ ಕಾಲ. ಟ್ರಿನಿಡಾಡ್ ದ್ವೀಪವು ದಕ್ಷಿಣಕ್ಕಿರುವುದರಿಂದ ಅದಕ್ಕೆ ಹೊಡೆತ ಕಡಿಮೆ. ಆದರೆ ನೆರೆಯ ದ್ವೀಪಗಳಿಗೆ ಬಡಿದಾಗ ಎಲ್ಲ ಕಡೆಯ ವಿಮಾನಗಳೂ ಏರುಪೇರಾಗುತ್ತವೆ. 2024ರ ಜುಲೈ 1ರಂದು ಬೆರಿಲ್ ಎಂಬ ಚಂಡಮಾರುತವು ಗ್ರೆನಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪವನ್ನು ಧ್ವಂಸಗೊಳಿಸಿದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಆದುದರಿಂದ ಆ ತಿಂಗಳುಗಳಲ್ಲಿ ಹೋಗುವವರು ಒಂದು ರಾತ್ರಿಯ ಬದಲು ಎರಡು ರಾತ್ರಿಗೆ ಆಗುವಷ್ಟು ಔಷಧಿ, ಬಟ್ಟೆ, ಹಣಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು ಲೇಸು.

ಮೊದಲು ಗಡಿಯಾರವನ್ನು ನೋಡಬೇಕು

ಬಿಡಾರವನ್ನು ಆಯ್ದುಕೊಳ್ಳುವಾಗ ಹೆಚ್ಚಿನವರು ಮೊದಲು ನೋಡುವುದು ಹೋಟೆಲಿನ ಚಿತ್ರವನ್ನು, ಆಮೇಲೆ ಬಾಡಿಗೆಯನ್ನು. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಹೋಟೆಲುಗಳ ಚಿತ್ರಗಳಿಗೂ ಸಲ್ಲುತ್ತದೆ. ಒಂದೇ ರಾತ್ರಿಯ ಮಟ್ಟಿಗೆ ಹೇಳುವುದಾದರೆ ಮೊದಲು ನೋಡಬೇಕಾದುದು ಗಡಿಯಾರವನ್ನು, ಎರಡನೆಯದಾಗಿ ಕುಟುಂಬದಲ್ಲಿ ಎಲ್ಲರಿಗಿಂತ ಹಿರಿಯರ ಆರೋಗ್ಯವನ್ನು ಎಂದು ನಾವು ಹೇಳುತ್ತೇವೆ. ಉಳಿದುದೆಲ್ಲ ಆಮೇಲಿನ ಮಾತು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ವಿಮಾನವು ರಾತ್ರಿ 8 ಗಂಟೆಗೆ ಇಳಿಯಿತೆಂದೂ ಮುಂದಿನ ವಿಮಾನ ಬೆಳಿಗ್ಗೆ 6:30ಕ್ಕೆ ಇದೆಯೆಂದೂ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ತಪಾಸಣೆ, ಪೆಟ್ಟಿಗೆಗಳು, ಕಸ್ಟಮ್ಸ್ ಎಲ್ಲ ಮುಗಿಸಿ ಹೊರಬರುವಾಗ 9:30 ಆಗಬಹುದು. ಬೆಳಗಿನ ವಿಮಾನಕ್ಕೆ 4 ಗಂಟೆಗಾದರೂ ನಿಲ್ದಾಣದಲ್ಲಿರಬೇಕು. ನಿಲ್ದಾಣದ ಸಮೀಪದಲ್ಲಿಯೇ ತಂಗಿದರೆ 10 ಗಂಟೆಗೆ ಕೋಣೆ ಸೇರಿ, ಕೈಕಾಲು ತೊಳೆದು 10:45ಕ್ಕೆ ಮಲಗಿ, 2:45ಕ್ಕೆ ಏಳಬಹುದು. ನಾಲ್ಕು ಗಂಟೆಗಳ ನಿದ್ದೆ ಸಿಕ್ಕಿತು. ನಗರಕ್ಕೆ ಹೋದರೋ? ಪಿಯಾರ್ಕೊದಿಂದ ಪೋರ್ಟ್ ಆಫ್ ಸ್ಪೇನ್ ನಗರವು 25ರಿಂದ 30 ಕಿಲೋಮೀಟರ್ ದೂರ. ದಾರಿ ತೆರವಿದ್ದರೂ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಕೋಣೆ ಸೇರುವಾಗ 11 ಗಂಟೆಯ ಸಮೀಪ, ಮಲಗುವಾಗ 11:30, ಏಳುವಾಗ 2:15. ಮೂರು ಗಂಟೆಗಳ ನಿದ್ದೆಯೂ ಆಗಲಿಲ್ಲ. ಆ ನಿದ್ದೆಗಾಗಿ ದೊಡ್ಡ ಹೋಟೆಲಿನ ಬಾಡಿಗೆಯನ್ನೂ ಎರಡು ಬಾರಿ ದೂರದ ಟ್ಯಾಕ್ಸಿಯ ಬಾಡಿಗೆಯನ್ನೂ ತೆತ್ತಂತಾಯಿತು.

ಇದರೊಡನೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಟ್ರಿನಿಡಾಡ್‌ನ ಗಡಿಯಾರವು ನಮ್ಮ ಗಡಿಯಾರಕ್ಕಿಂತ 9 ಗಂಟೆ 30 ನಿಮಿಷ ಹಿಂದೆ. ಅಲ್ಲಿಯ ರಾತ್ರಿ 10 ಗಂಟೆ ಎಂದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 7:30. ಹೊರಟು ಬಹಳ ಹೊತ್ತಾಗಿರದ ದೇಹವು ಅದು ಹಗಲೆಂದೇ ತಿಳಿದಿರುತ್ತದೆ. ಮಲಗಿದ ಕೂಡಲೆ ನಿದ್ದೆ ಬಾರದು. ಆದಕಾರಣ ಹಾಸಿಗೆಯ ಮೇಲೆ ಕಳೆಯುವ ಪ್ರತಿಯೊಂದು ಗಂಟೆಗೂ ಬೆಲೆಯಿದೆ. ಇನ್ಸುಲಿನ್ ಹಾಗೂ ರಕ್ತದೊತ್ತಡದ ಮಾತ್ರೆಗಳನ್ನು ಯಾವ ಗಡಿಯಾರದಂತೆ ತೆಗೆದುಕೊಳ್ಳಬೇಕೆಂಬುದನ್ನು ಹೊರಡುವ ಮೊದಲೇ ಮನೆಯ ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಂಡಿರಬೇಕು.

ಹಾಗಾದರೆ ನಿಯಮವೇನು? ಇಳಿಯುವ ಹೊತ್ತಿಗೂ ಮತ್ತೆ ಹಾರುವ ಹೊತ್ತಿಗೂ ನಡುವೆ ಹನ್ನೆರಡು ಗಂಟೆಗಳಿಗಿಂತ ಕಡಿಮೆ ಅಂತರವಿದ್ದು ಅದರಲ್ಲಿ ಹೆಚ್ಚಿನದು ಕತ್ತಲೆಯಾಗಿದ್ದರೆ ನಿಲ್ದಾಣದ ಸಮೀಪದಲ್ಲಿಯೇ ಉಳಿಯಿರಿ. ಮಧ್ಯಾಹ್ನದೊಳಗೆ ಇಳಿದು ಮರುದಿನ ಮಧ್ಯಾಹ್ನ ಹೊರಡುವುದಿದ್ದರೆ ಮಾತ್ರ ನಗರಕ್ಕೆ ಹೋಗಿರಿ.

ನಿಲ್ದಾಣದ ಬೆಂಚಿನ ಮೇಲೆ

ಖರ್ಚನ್ನು ಉಳಿಸಲು ನಿಲ್ದಾಣದಲ್ಲಿಯೇ ರಾತ್ರಿ ಕಳೆಯುವವರೂ ಇದ್ದಾರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅಂತರವು ಐದಾರು ಗಂಟೆಗಳಷ್ಟೇ ಇದ್ದು, ಪ್ರಯಾಣಿಕರು ಗಟ್ಟಿಮುಟ್ಟಾದ ತರುಣರಾಗಿದ್ದರೆ ಅದು ಸರಿಯೇ. ಆದರೆ ಇಪ್ಪತ್ತು ಗಂಟೆಗಳಿಗೂ ಮೇಲ್ಪಟ್ಟು ಕುಳಿತೇ ಬಂದ ಹಿರಿಯರಿಗೆ ಮತ್ತೊಂದು ರಾತ್ರಿಯನ್ನು ಕುಳಿತೇ ಕಳೆಯುವುದು ಅಪಾಯಕರ. ಕಾಲುಗಳಲ್ಲಿ ಬಾವು ಬರುವುದಲ್ಲದೆ, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ದೀರ್ಘ ವಿಮಾನ ಪ್ರಯಾಣದ ನಂತರ ಹೆಚ್ಚುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಕಾಲು ಚಾಚಿ ಮಲಗಲು ಒಂದು ಹಾಸಿಗೆ, ಮುಂಜಾನೆ ಸ್ನಾನ ಪೂಜೆಗಳಿಗೆ ಬಿಸಿನೀರು ಮತ್ತು ಒಂದು ಶಾಂತವಾದ ಮೂಲೆ, ಇಷ್ಟು ಹಿರಿಯರಿಗೆ ದೊರೆಯಲೇಬೇಕು.

ನಿಲ್ದಾಣದ ಸಮೀಪದ ವಸತಿ

ಪಿಯಾರ್ಕೊದಿಂದ ಕೆಲವೇ ನಿಮಿಷಗಳ ಹಾದಿಯಲ್ಲಿ ಟ್ರಿನ್‌ಸಿಟಿ ಎಂಬ ಬಡಾವಣೆಯಿದೆ. ಅಲ್ಲಿ ದೊಡ್ಡದೊಂದು ಅಂಗಡಿ ಸಂಕೀರ್ಣವೂ, ಹಾಲಿಡೇ ಇನ್ ಎಕ್ಸ್‌ಪ್ರೆಸ್ ಎಂಬ ಹೋಟೆಲೂ ಇವೆ. ರಾತ್ರಿ ತಡವಾಗಿ ಬಂದು ಬೆಳಗಿನ ಜಾವ ಹೊರಡುವ ಕುಟುಂಬಕ್ಕೆ ಈ ಬಗೆಯ ಹೋಟೆಲು ಹೊಂದುತ್ತದೆ. ನೋಟಕ್ಕೆ ವಿಶೇಷವೇನೂ ಇಲ್ಲ, ಆದರೆ ಒಂದು ರಾತ್ರಿಗೆ ಬೇಕಾದುದೆಲ್ಲ ಇರುತ್ತದೆ. ಇದಲ್ಲದೆ ನಿಲ್ದಾಣದ ಸುತ್ತಲಿನ ಊರುಗಳಲ್ಲಿ ಮನೆಯವರೇ ನಡೆಸುವ ಚಿಕ್ಕ ಅತಿಥಿಗೃಹಗಳೂ ಇವೆ. ಅವುಗಳ ಬಾಡಿಗೆ ಸಾಮಾನ್ಯವಾಗಿ ಕಡಿಮೆ. ಅವುಗಳನ್ನು ಗೊತ್ತುಮಾಡುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ರಾತ್ರಿ ಎಷ್ಟೇ ಹೊತ್ತಾದರೂ ಬಾಗಿಲು ತೆರೆಯುವವರಿರುತ್ತಾರೆಯೇ? ನಿಲ್ದಾಣದಿಂದ ಕರೆತಂದು ಬೆಳಗಿನ ಜಾವ ಮತ್ತೆ ಬಿಡುತ್ತಾರೆಯೇ, ಅದಕ್ಕೆ ಬೇರೆ ಹಣ ಕೊಡಬೇಕೇ? ಕೋಣೆ ನೆಲಮಟ್ಟದಲ್ಲಿದೆಯೇ ಅಥವಾ ಮೆಟ್ಟಿಲು ಹತ್ತಬೇಕೇ? ಕಿಟಕಿಗಳಿಗೆ ಸೊಳ್ಳೆಪರದೆಯೋ ಹವಾನಿಯಂತ್ರಣವೋ ಇದೆಯೇ? ಡೆಂಗ್ಯೂ ಜ್ವರವು ಅಲ್ಲಿಯೂ ಇರುವುದರಿಂದ ಕೊನೆಯ ಪ್ರಶ್ನೆಯನ್ನು ಮರೆಯಬಾರದು.

ನಿಲ್ದಾಣಕ್ಕೂ ನಗರಕ್ಕೂ ನಡುವೆ ಸೇಂಟ್ ಆಗಸ್ಟಿನ್ ಎಂಬ ಊರಿದೆ. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಟ್ರಿನಿಡಾಡ್ ಆವರಣ ಇಲ್ಲಿಯೇ ಇರುವುದು. ಸುತ್ತಮುತ್ತ ಭಾರತೀಯ ಮೂಲದವರು ಬಹಳ ಮಂದಿ ಇದ್ದಾರೆ, ಊಟದಂಗಡಿಗಳೂ ಹತ್ತಿರ. ಹಗಲಿನಲ್ಲಿ ಇಳಿದವರು ನಗರದ ಗದ್ದಲವನ್ನು ಬಯಸದಿದ್ದರೆ ಈ ಭಾಗದಲ್ಲಿ ವಸತಿ ಹುಡುಕಬಹುದು.

ನಗರದೊಳಗಿನ ವಸತಿ

ಹಗಲಿನ ಹೊತ್ತು ಸಿಕ್ಕಿದವರು ನಗರಕ್ಕೆ ಹೋಗುವುದಾದರೆ ಕ್ವೀನ್ಸ್ ಪಾರ್ಕ್ ಸವಾನಾ ಎಂಬ ವಿಶಾಲ ಬಯಲಿನ ಆಸುಪಾಸಿನಲ್ಲಿ ಉಳಿಯುವುದು ಅನುಕೂಲ. ಸುಮಾರು 260 ಎಕರೆಗಳ ಈ ಬಯಲಿನ ಪಶ್ಚಿಮಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಏಳು ಭವ್ಯ ಸೌಧಗಳ ಸಾಲಿದೆ. ಉತ್ತರಕ್ಕೆ ಸಸ್ಯೋದ್ಯಾನವೂ ಮೃಗಾಲಯವೂ ಇವೆ. ಹಗಲು ಹೊತ್ತಿನಲ್ಲಿ ಎಳನೀರು ಮಾರುವವರನ್ನು ಕಂಡಾಗ ನಮ್ಮೂರ ರಸ್ತೆಯೇ ನೆನಪಾದೀತು.

ಬಯಲಿನ ಅಂಚಿನ ಗುಡ್ಡದ ಮೇಲಿರುವ ಹಿಲ್ಟನ್ ಹೋಟೆಲು 1962ರಲ್ಲಿ, ಅಂದರೆ ಆ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದಲ್ಲಿಯೇ ತೆರೆದುದು. ಇದನ್ನು ತಲೆಕೆಳಗಾದ ಹೋಟೆಲು ಎಂದು ಕರೆಯುತ್ತಾರೆ. ಪ್ರವೇಶದ್ವಾರ ಗುಡ್ಡದ ತುದಿಯಲ್ಲಿದೆ, ಕೋಣೆಗಳ ಅಂತಸ್ತುಗಳು ಇಳಿಜಾರಿನಗುಂಟ ಕೆಳಕ್ಕಿಳಿಯುತ್ತ ಹೋಗುತ್ತವೆ. ಬಯಲಿನ ವಾಯವ್ಯಕ್ಕೆ ಕಪೋಕ್ ಎಂಬ ಮಧ್ಯಮ ಗಾತ್ರದ ಹೋಟೆಲಿದೆ. ಕಪೋಕ್ ಎಂದರೆ ನಮ್ಮ ಬಿಳಿ ಬೂರುಗದ ಮರ. ಸಮುದ್ರದ ದಂಡೆಯಲ್ಲಿ 2008ರಲ್ಲಿ ತೆರೆದ ಹಯಾಟ್ ರೀಜೆನ್ಸಿ ಹೋಟೆಲು ಇದ್ದು, ವ್ಯವಹಾರಸ್ಥರಿಗೆ ಅದು ಮೆಚ್ಚಿನದು. ಇವು ಬಾಡಿಗೆ ಹೆಚ್ಚಿರುವ ಸ್ಥಳಗಳು. ಬೂದಿ ಬುಧವಾರಕ್ಕೆ ಮುಂಚಿನ ಸೋಮವಾರ ಮಂಗಳವಾರಗಳಂದು, ಫೆಬ್ರವರಿ ಇಲ್ಲವೇ ಮಾರ್ಚಿನಲ್ಲಿ, ನಡೆಯುವ ಕಾರ್ನಿವಲ್ ಉತ್ಸವದ ದಿನಗಳಲ್ಲಿ ಇಲ್ಲಿ ಕೋಣೆ ಸಿಗುವುದೇ ಕಷ್ಟ, ಸಿಕ್ಕಿದರೂ ಬಾಡಿಗೆ ಬಹುಪಾಲು ಏರಿರುತ್ತದೆ. ಆ ವಾರವನ್ನು ತಪ್ಪಿಸಿ ಟಿಕೆಟ್ ಕೊಳ್ಳುವುದು ಜಾಣತನ.

ಸುರಕ್ಷತೆಯ ವಿಷಯವನ್ನು ಮುಚ್ಚಿಡುವುದು ತರವಲ್ಲ. ಗುಂಪುಗಳ ನಡುವಣ ಹಿಂಸೆಯ ಕಾರಣದಿಂದ ಅಲ್ಲಿಯ ಸರ್ಕಾರವು 2024ರ ಡಿಸೆಂಬರ್ 30ರಂದು ತುರ್ತು ಪರಿಸ್ಥಿತಿಯನ್ನು ಘೋಷಿಸಿತ್ತು. 2025ರ ಜುಲೈ ತಿಂಗಳಲ್ಲಿ ಮತ್ತೊಮ್ಮೆ ಘೋಷಿಸಬೇಕಾಯಿತು. ಹೊರಡುವ ವಾರದಲ್ಲಿ ಅಲ್ಲಿಯ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಅಗತ್ಯ. ಕತ್ತಲಾದ ಮೇಲೆ ಸವಾನಾ ಬಯಲಿನಲ್ಲಾಗಲಿ ನಗರದ ಪೇಟೆಯಲ್ಲಾಗಲಿ ಕಾಲ್ನಡಿಗೆಯಲ್ಲಿ ತಿರುಗಾಡಕೂಡದು. ತಾಯಂದಿರು ಬಂಗಾರದ ಸರ, ಬಳೆಗಳನ್ನು ಹೊರಗೆ ಕಾಣುವಂತೆ ಧರಿಸದಿರುವುದು ಕ್ಷೇಮ. ಪೊಲೀಸರನ್ನು ಕರೆಯುವ ಸಂಖ್ಯೆ 999. ಭಾರತದ ಹೈಕಮಿಷನ್ ಕಚೇರಿ ಪೋರ್ಟ್ ಆಫ್ ಸ್ಪೇನ್‌ನಲ್ಲಿಯೇ ಇದೆ.

ಮರೆಯಬಾರದ ಹಳದಿ ಪುಸ್ತಿಕೆ

ಈಗ ಹೇಳುವ ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ಭಾರತೀಯ ಪಾಸ್‌ಪೋರ್ಟ್ ಉಳ್ಳವರು ಅಲ್ಪಕಾಲದ ಭೇಟಿಗೆ ಟ್ರಿನಿಡಾಡ್‌ಗೆ ಹೋಗಲು ಮುಂಚಿತವಾಗಿ ವೀಸಾ ಪಡೆಯಬೇಕಾಗಿಲ್ಲ. ಹೀಗಾಗಿ ನಗರಕ್ಕೆ ಹೋಗಿ ಮಲಗಿ ಬರುವುದು ಸುಲಭವೆಂದು ತೋರುತ್ತದೆ. ಆದರೆ ಟ್ರಿನಿಡಾಡ್ ದ್ವೀಪವು ಹಳದಿ ಜ್ವರದ ಅಪಾಯವುಳ್ಳ ಪ್ರದೇಶಗಳ ಪಟ್ಟಿಯಲ್ಲಿದೆ. ಗಯಾನಾ, ಸುರಿನಾಮ್ ದೇಶಗಳೂ ಆ ಪಟ್ಟಿಯಲ್ಲಿವೆ. ಅಂತಹ ಪ್ರದೇಶವನ್ನು ಬಿಟ್ಟ ಆರು ದಿನಗಳೊಳಗಾಗಿ ಭಾರತಕ್ಕೆ ಬಂದಿಳಿಯುವವರ ಬಳಿ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡ ಪ್ರಮಾಣಪತ್ರ ಇಲ್ಲದಿದ್ದರೆ ಅವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ನಮ್ಮ ಸರ್ಕಾರದ ನಿಯಮದಲ್ಲಿ ಅವಕಾಶವಿದೆ. ಕೇವಲ ವಿಮಾನ ಬದಲಿಸಿದವರಿಗೂ ಈ ನಿಯಮ ಅನ್ವಯಿಸುತ್ತದೆ. ಅವರು ನಿಲ್ದಾಣದ ಆವರಣವನ್ನು ಬಿಟ್ಟು ಹೊರಗೆ ಹೋಗಿರಲಿಲ್ಲವೆಂದು ಆರೋಗ್ಯಾಧಿಕಾರಿಗೆ ಮನವರಿಕೆಯಾದರೆ ಮಾತ್ರ ವಿನಾಯಿತಿ. ಹೋಟೆಲಿಗೆ ಹೋಗಿ ಮಲಗಿದೊಡನೆ ಆ ವಿನಾಯಿತಿ ಇಲ್ಲವಾಯಿತು.

ಗ್ರೆನಡಾದಲ್ಲಿಯ ಮಗನನ್ನು ನೋಡಿ ಬರುವ ತಂದೆತಾಯಿಗಳನ್ನು ಉದಾಹರಣೆಗೆ ತೆಗೆದುಕೊಳ್ಳಿ. ತಾವು ಹೋಗಿದ್ದು ಗ್ರೆನಡಾಕ್ಕೆ, ಟ್ರಿನಿಡಾಡ್‌ಗೆ ಅಲ್ಲ ಎಂದೇ ಅವರು ಭಾವಿಸಿರುತ್ತಾರೆ. ಮರಳುವಾಗ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಒಂದು ರಾತ್ರಿ ತಂಗಿ, ಎರಡು ದಿನಗಳಲ್ಲಿ ಬೆಂಗಳೂರಿಗೆ ಬಂದಿಳಿದಾಗ ಆ ಒಂದು ರಾತ್ರಿಯೇ ಲೆಕ್ಕಕ್ಕೆ ಬರುತ್ತದೆ. ಆದುದರಿಂದ ಕೇಂದ್ರ ಸರ್ಕಾರವು ಗೊತ್ತುಪಡಿಸಿದ ಚುಚ್ಚುಮದ್ದಿನ ಕೇಂದ್ರದಲ್ಲಿ ಮದ್ದು ಹಾಕಿಸಿಕೊಂಡು, ಅಲ್ಲಿ ಕೊಡುವ ಹಳದಿ ಬಣ್ಣದ ಪುಸ್ತಿಕೆಯನ್ನು ಪಾಸ್‌ಪೋರ್ಟಿನೊಡನೆ ಇಟ್ಟುಕೊಳ್ಳಬೇಕು. ಮದ್ದು ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಮಾನ್ಯತೆ. 2016ರ ಜುಲೈಯಿಂದ ಅದು ಜೀವಮಾನ ಪರ್ಯಂತ ಸಲ್ಲುತ್ತದೆ.

ಅರವತ್ತು ವರ್ಷ ದಾಟಿದವರಿಗೆ, ಬಸುರಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ, ಮೊಟ್ಟೆಯ ಅಂಶ ಒಗ್ಗದವರಿಗೆ ಈ ಮದ್ದು ಹಾಕುವ ಮುನ್ನ ವೈದ್ಯರು ಬಹಳ ವಿಚಾರಮಾಡಬೇಕಾಗುತ್ತದೆ. ಬೇಡವೆಂದು ವೈದ್ಯರು ಹೇಳಿದರೆ, ಅವರಿಂದ ಪತ್ರ ಪಡೆಯುವುದರ ಜೊತೆಗೆ ದಾರಿಯನ್ನೇ ಬದಲಿಸುವುದು ಒಳ್ಳೆಯದು. ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್ ಆ ಪಟ್ಟಿಯಲ್ಲಿಲ್ಲ. ಗ್ರೆನಡಾಕ್ಕೆ ಹೋಗುವವರು ಅಲ್ಲಿ ವಿಮಾನ ಬದಲಿಸುವಂತೆ ಟಿಕೆಟ್ ಮಾಡಿಸಬಹುದು. ಇದೆಲ್ಲವನ್ನೂ ಟಿಕೆಟ್ ಕೊಳ್ಳುವ ಮೊದಲು ಯೋಚಿಸಬೇಕೇ ಹೊರತು ಕೊಂಡ ಮೇಲಲ್ಲ. ಇದೇ ಸಂದರ್ಭದಲ್ಲಿ, ಅಮೆರಿಕದ ಮೂಲಕ ಹೋಗುವವರಿಗೆ ಅಲ್ಲಿ ವಿಮಾನ ಬದಲಿಸಲು ಕೂಡ ವೀಸಾ ಬೇಕೆಂಬುದನ್ನೂ ನೆನಪಿಸುತ್ತೇವೆ.

ಊಟ ಉಪಾಹಾರದ ಚಿಂತೆ

ಶಾಕಾಹಾರಿಗಳಾದ ನಮ್ಮ ಕುಟುಂಬಗಳಿಗೆ ಪರದೇಶದಲ್ಲಿ ಊಟದ ಪ್ರಶ್ನೆ ದೊಡ್ಡದು. ಈ ವಿಷಯದಲ್ಲಿ ಟ್ರಿನಿಡಾಡ್ ಉಳಿದ ದ್ವೀಪಗಳಿಗಿಂತ ಎಷ್ಟೋ ಪಾಲು ಮೇಲು. 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಭಾರತದಿಂದ ಮೊದಲ ಕೂಲಿಕಾರರನ್ನು ಅಲ್ಲಿಗೆ ತಂದಿತು. 1917ರವರೆಗೆ 1 ಲಕ್ಷ 40 ಸಾವಿರಕ್ಕೂ ಮಿಕ್ಕಿದ ಭಾರತೀಯರು ಕಬ್ಬಿನ ತೋಟಗಳ ದುಡಿಮೆಗೆಂದು ಹೋದರು. ಅವರಲ್ಲಿ ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರಗಳ ಕಡೆಯವರು. 2011ರ ಜನಗಣತಿಯಂತೆ ದೇಶದ ಜನರಲ್ಲಿ ಶೇಕಡಾ 35ರಷ್ಟು ಭಾರತೀಯ ಮೂಲದವರು. ದೀಪಾವಳಿಗೆ ಅಲ್ಲಿ ಸಾರ್ವಜನಿಕ ರಜೆಯಿದೆ.

ಅವರ ಅಡುಗೆಯು ಇಡೀ ದೇಶದ ಅಡುಗೆಯಾಗಿದೆ. ಬೆಳಿಗ್ಗೆ ರಸ್ತೆಬದಿಯಲ್ಲಿ ಮಾರುವ ಡಬಲ್ಸ್ ಎಂಬ ತಿಂಡಿಯೆಂದರೆ ಅರಿಸಿನ ಬೆರೆಸಿ ಕರಿದ ಎರಡು ಮೆತ್ತನೆಯ ಬಾರಾಗಳ ನಡುವೆ ಕಾಬೂಲಿ ಕಡಲೆಯ ಪಲ್ಯ, ಮೇಲೆ ಹುಣಿಸೆಯ ಚಟ್ನಿ. ಬೇಳೆಯ ಪುಡಿಯನ್ನು ತುಂಬಿ ಬೇಯಿಸಿದ ದಾಲ್‌ಪುರಿ ರೊಟ್ಟಿಯು ನೋಡಲು ನಮ್ಮ ಹೋಳಿಗೆಯಂತಿದ್ದರೂ ಸಿಹಿಯಿಲ್ಲ, ಜೀರಿಗೆಯ ಘಮವಿರುತ್ತದೆ. ಕೆಸುವಿನ ಎಲೆ ಮತ್ತು ಬೇಳೆಹಿಟ್ಟಿನಿಂದ ಮಾಡಿದ ಸಹೀನಾವನ್ನು ತಿಂದಾಗ ಪತ್ರೊಡೆ ನೆನಪಾಗುತ್ತದೆ. ಸುಟ್ಟ ಬದನೆಕಾಯಿಯ ಚೋಕಾ, ಕುಂಬಳಕಾಯಿಯ ಪಲ್ಯ, ಸೊಪ್ಪಿನ ಭಾಜಿ ಇವೆಲ್ಲ ರೊಟ್ಟಿಯಂಗಡಿಗಳಲ್ಲಿ ಸಿಗುತ್ತವೆ. ಖಾರದ ಸಾಸನ್ನು ಮಾತ್ರ ಸ್ವಲ್ಪವೇ ಹಾಕಿಸಿಕೊಳ್ಳಬೇಕು, ಬ್ಯಾಡಗಿ ಮೆಣಸಿನಕಾಯಿಯ ಅಳತೆ ಅಲ್ಲಿ ನಡೆಯದು.

ಆದರೂ ಎಚ್ಚರ ಬೇಕು. ಮಾಂಸವಿಲ್ಲವೆಂದು ಹೇಳಿದರೆ ಮೀನೂ ಇಲ್ಲವೆಂದು ತಿಳಿಯಬಾರದು. ಕಲಲೂ ಎಂಬ ಸೊಪ್ಪಿನ ಸಾರಿನಲ್ಲಿ ಏಡಿಯನ್ನು ಹಾಕುವ ವಾಡಿಕೆಯಿದೆ. ಪೆಲಾವ್ ಎಂಬ ಅನ್ನದಲ್ಲಿ ಸಾಮಾನ್ಯವಾಗಿ ಕೋಳಿಯಿರುತ್ತದೆ. ಹೋಟೆಲಿನ ಬೆಳಗಿನ ಉಪಾಹಾರದಲ್ಲಿ ಮೊಟ್ಟೆ, ಉಪ್ಪುಮೀನುಗಳೇ ಮುಖ್ಯ. ಮಾಂಸ, ಮೀನು, ಮೊಟ್ಟೆ ಮೂರೂ ಕೂಡದೆಂದು ಬಿಡಿಸಿ ಹೇಳಬೇಕು.

ನಡುರಾತ್ರಿ ಕೋಣೆ ಸೇರಿದಾಗ ಯಾವ ಅಂಗಡಿಯೂ ತೆರೆದಿರಲಾರದು. ಆ ಹೊತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಅಂಟಿನುಂಡೆಗಳ ಒಂದು ಪೊಟ್ಟಣ ಜೊತೆಗಿದ್ದರೆ ಚಿಂತೆಯಿಲ್ಲ. ಹಸಿ ಹಣ್ಣು, ತರಕಾರಿ, ಬೀಜ, ಸಸಿಗಳನ್ನು ಒಯ್ಯಬಾರದು. ಒಯ್ಯುವ ತಿನಿಸನ್ನು ಕಸ್ಟಮ್ಸ್‌ನವರಿಗೆ ಮುಚ್ಚಿಡದೆ ಹೇಳಬೇಕು. ಅಲ್ಲಿಯ ವಿದ್ಯುತ್ತು 115 ವೋಲ್ಟಿನದು, ಪ್ಲಗ್ಗುಗಳು ಅಮೆರಿಕದ ಮಾದರಿಯವು. ನಮ್ಮ ಮನೆಯ 230 ವೋಲ್ಟಿನ ಅನ್ನದ ಕುಕ್ಕರು ಅಲ್ಲಿ ಸರಿಯಾಗಿ ಕೆಲಸಮಾಡದು. ಫೋನಿನ ಚಾರ್ಜರಿಗೆ ಮಾತ್ರ ಒಂದು ಅಡಾಪ್ಟರ್ ಸಾಕು.

ತಾರೀಖು, ಡಾಲರು, ಟ್ಯಾಕ್ಸಿ

ಕೋಣೆಯನ್ನು ಗೊತ್ತುಮಾಡುವಾಗ ತಾರೀಖಿನ ಗೊಂದಲ ಸಾಮಾನ್ಯ. 15ನೆಯ ತಾರೀಖಿನ ನಸುಕಿನ 1 ಗಂಟೆಗೆ ಇಳಿಯುವವರು ಕೋಣೆಯನ್ನು 14ರ ರಾತ್ರಿಗೆ ಗೊತ್ತುಮಾಡಬೇಕು. 15ಕ್ಕೆ ಮಾಡಿದರೆ ಕೋಣೆ ದೊರೆಯುವುದು ಅಂದಿನ ಮಧ್ಯಾಹ್ನದ ಮೇಲೆಯೇ. ತಡವಾಗಿ ಬರುವುದಾಗಿ ಹೋಟೆಲಿನವರಿಗೆ ಮುಂಚಿತವಾಗಿ ತಿಳಿಸಿ, ಅವರ ಉತ್ತರದ ಪ್ರತಿಯನ್ನು ಕಾಗದದಲ್ಲಿ ಇಟ್ಟುಕೊಂಡಿರಬೇಕು. ಪಾಸ್‌ಪೋರ್ಟ್ ತಪಾಸಣೆಯಲ್ಲಿ ತಂಗುವ ವಿಳಾಸವನ್ನೂ ಮುಂದಿನ ಟಿಕೆಟನ್ನೂ ಕೇಳುತ್ತಾರೆ.

ಟ್ರಿನಿಡಾಡ್‌ನ ನಾಣ್ಯದ ಹೆಸರೂ ಡಾಲರೇ. ಅಮೆರಿಕದ ಒಂದು ಡಾಲರಿಗೆ ಅಲ್ಲಿಯ ಆರೂವರೆಗಿಂತ ಹೆಚ್ಚು ಡಾಲರು ಸಲ್ಲುತ್ತವೆ. ಟ್ಯಾಕ್ಸಿಯವನು ಡಾಲರೆಂದಾಗ, ಹೋಟೆಲಿನವರು ಡಾಲರೆಂದಾಗ, ಯಾವ ಡಾಲರೆಂದು ಕೇಳಿಯೇ ಒಪ್ಪಬೇಕು. ತೆರಿಗೆ, ಸೇವಾಶುಲ್ಕಗಳು ಬಾಡಿಗೆಯಲ್ಲಿ ಸೇರಿವೆಯೇ ಎಂದೂ ಕೇಳಬೇಕು. ಬಾಡಿಗೆ ವಾಹನಗಳ ಸಂಖ್ಯಾಫಲಕವು ಎಚ್ ಅಕ್ಷರದಿಂದ ಆರಂಭವಾಗುತ್ತದೆ, ಖಾಸಗಿ ವಾಹನಗಳದು ಪಿ ಅಕ್ಷರದಿಂದ. ರಾತ್ರಿಯಲ್ಲಿ ಪಿ ಫಲಕದ ಅಪರಿಚಿತ ವಾಹನವನ್ನು ಹತ್ತಲೇಬಾರದು. ನಿಲ್ದಾಣದ ಅಧಿಕೃತ ಟ್ಯಾಕ್ಸಿಯನ್ನೋ ಹೋಟೆಲಿನವರೇ ಕಳುಹಿಸುವ ವಾಹನವನ್ನೋ ಹಿಡಿಯಬೇಕು.

ಎಲ್ಲ ಪ್ರಯಾಣವೂ ಒಂದೇ ಟಿಕೆಟಿನಲ್ಲಿದ್ದರೆ ಪೆಟ್ಟಿಗೆಗಳು ನೇರವಾಗಿ ಕೊನೆಯ ಊರಿಗೆ ಹೋಗಬಹುದು. ರಾತ್ರಿಯ ಬಟ್ಟೆ, ಔಷಧಿಗಳು ಅದರಲ್ಲಿ ಸಿಕ್ಕಿಬೀಳದಂತೆ ನೋಡಿಕೊಳ್ಳಬೇಕು. ವಿಮಾನ ಸಂಸ್ಥೆಯ ತಡದಿಂದ ಮುಂದಿನ ವಿಮಾನ ತಪ್ಪಿದ್ದಾದರೆ, ಸ್ವಂತ ಹಣದಿಂದ ಕೋಣೆ ಹಿಡಿಯುವ ಮುನ್ನ ಸಂಸ್ಥೆಯವರು ವಸತಿ ಕೊಡುವರೇ ಎಂದು ಅವರ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಎರಡು ಬೇರೆ ಬೇರೆ ಟಿಕೆಟುಗಳಿದ್ದರೆ ಈ ಹಕ್ಕು ದುರ್ಬಲವಾಗುತ್ತದೆ. ಇನ್ನೊಂದು ಚಿಕ್ಕ ಸೂಚನೆ: ಸೈನಿಕರ ಉಡುಪಿನಂತಹ ಹಸಿರು ಮಚ್ಚೆಗಳ ಬಟ್ಟೆಯನ್ನು ಸಾಮಾನ್ಯ ಜನರು ತೊಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಮಕ್ಕಳ ಅಂಗಿ, ಟೋಪಿಗಳನ್ನು ಒಮ್ಮೆ ನೋಡಿಕೊಳ್ಳಿ.

ಹಗಲು ದೊರೆತರೆ

ಮರುದಿನ ಅರ್ಧ ಹಗಲು ಉಳಿದವರು ದ್ವೀಪದ ಮಧ್ಯಭಾಗದ ಕ್ಯಾರಪಿಚೈಮಾ ಎಂಬ ಊರಿಗೆ ಹೋಗಿಬರಬಹುದು. ನಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮಕ್ಕೆ ಸೇರಿದ ದತ್ತಾತ್ರೇಯ ದೇವಾಲಯ ಅಲ್ಲಿದೆ. ಅದರ ಮುಂದೆ 85 ಅಡಿ ಎತ್ತರದ ಹನುಮಂತನ ಮೂರ್ತಿ 2003ರಲ್ಲಿ ಸ್ಥಾಪನೆಗೊಂಡಿತು. ಸಮೀಪದ ವಾಟರ್‌ಲೂ ಎಂಬಲ್ಲಿ ಸಮುದ್ರದೊಳಗಿನ ಗುಡಿಯಿದೆ. ಸೇವದಾಸ ಸಾಧು ಎಂಬ ಬಡ ಕೂಲಿಕಾರನು ಸಕ್ಕರೆ ಕಂಪನಿಯ ನೆಲದ ಮೇಲೆ ಕಟ್ಟಿದ ಗುಡಿಯನ್ನು 1952ರಲ್ಲಿ ಕೆಡವಿ ಅವನನ್ನು ಸೆರೆಮನೆಗೆ ಹಾಕಿದರು. ನೆಲ ನಿಮ್ಮದಾದರೆ ಸಮುದ್ರ ಯಾರದೂ ಅಲ್ಲವೆಂಬ ನಿಲುವಿನಿಂದ ಅವನು ಸೈಕಲ್ಲಿನಲ್ಲಿ ಕಲ್ಲುಮಣ್ಣು ಹೊತ್ತು ವರ್ಷಗಟ್ಟಲೆ ದುಡಿದು ನೀರಿನಲ್ಲಿಯೇ ಗುಡಿ ಕಟ್ಟಿದನು. ಅದು 1995ರಲ್ಲಿ ಪುನರ್ನಿರ್ಮಾಣಗೊಂಡಿದೆ.

ಕ್ರಿಕೆಟ್ ಪ್ರಿಯರಿಗೆ ನಗರದ ಕ್ವೀನ್ಸ್ ಪಾರ್ಕ್ ಓವಲ್ ಮೈದಾನವಿದೆ. 1976ರ ಏಪ್ರಿಲಿನಲ್ಲಿ ಭಾರತ ತಂಡವು ಅಲ್ಲಿ 403 ಓಟಗಳ ಗುರಿಯನ್ನು ನಾಲ್ಕೇ ವಿಕೆಟ್ ಕಳೆದುಕೊಂಡು ದಾಟಿ ಆ ಕಾಲದ ದಾಖಲೆಯನ್ನು ಸ್ಥಾಪಿಸಿತು. ಆ ಗೆಲುವಿನಲ್ಲಿ ಗಾವಸ್ಕರರೊಡನೆ ಶತಕ ಹೊಡೆದವರು ನಮ್ಮ ಜಿ. ಆರ್. ವಿಶ್ವನಾಥ್. 49 ಓಟ ಗಳಿಸಿ ಔಟಾಗದೆ ಉಳಿದವರು ಬ್ರಿಜೇಶ್ ಪಟೇಲ್. ನಗರದಿಂದ ನಿಲ್ದಾಣಕ್ಕೆ ಮರಳುವವರು ಸಂಜೆಯ ಕಚೇರಿ ಬಿಡುವ ವೇಳೆಯನ್ನು ಮಾತ್ರ ತಪ್ಪಿಸಬೇಕು. ಆಗ ಪೂರ್ವದ ಹೆದ್ದಾರಿ ವಾಹನಗಳಿಂದ ತುಂಬಿರುತ್ತದೆ.

ಪೋರ್ಟ್ ಆಫ್ ಸ್ಪೇನ್‌ನ ಪಶ್ಚಿಮಕ್ಕೆ, ಪಾರಿಯಾ ಕೊಲ್ಲಿಯಲ್ಲಿ ನೆಲ್ಸನ್ ಎಂಬ ಚಿಕ್ಕ ನಡುಗಡ್ಡೆಯಿದೆ. 1866ರಿಂದ 1917ರವರೆಗೆ ಭಾರತದಿಂದ ತಿಂಗಳುಗಟ್ಟಲೆ ಹಡಗಿನಲ್ಲಿ ಬಂದ ಕೂಲಿಕಾರರನ್ನು ಮೊದಲು ಅಲ್ಲಿಳಿಸಿ, ರೋಗ ತಪಾಸಣೆ ಮಾಡಿ, ಆಮೇಲೆ ತೋಟಗಳಿಗೆ ಹಂಚುತ್ತಿದ್ದರು. ಎಲ್ಲಿ ಮಲಗಬೇಕು, ಏನನ್ನು ಉಣ್ಣಬೇಕು, ಎಂದು ಹೊರಡಬೇಕು ಎಂಬ ಯಾವ ಮಾತೂ ಅವರ ಕೈಯಲ್ಲಿರಲಿಲ್ಲ. ಅದೇ ದ್ವೀಪದಲ್ಲಿ ಇಂದು ಒಂದು ರಾತ್ರಿ ತಂಗುವ ನಮಗೆ ಆ ಎಲ್ಲ ಆಯ್ಕೆಯೂ ಇದೆ. ಟಿಕೆಟ್ ಕೊಳ್ಳುವ ದಿನವೇ ಮನೆಮಂದಿಯೆಲ್ಲ ಕುಳಿತು ಗಡಿಯಾರದ ಲೆಕ್ಕ ಹಾಕಿ, ಹಳದಿ ಪುಸ್ತಿಕೆಯ ವಿಚಾರವನ್ನು ವೈದ್ಯರೊಡನೆ ಮುಗಿಸಿ, ಮನೆಯ ಹಿರಿಯರಿಗೆ ಒಗ್ಗುವ ಕೋಣೆಯನ್ನು ಗೊತ್ತುಮಾಡಿದರೆ, ಅವರು ಮರುದಿನ ದಣಿವಿಲ್ಲದೆ ಮಕ್ಕಳ ಮನೆಯನ್ನು ತಲುಪುವರು.